ಹಳೆ ಜೀಪಿನ ಬ್ರೇಕ್, ಬೀದರಿನ ಮಳೆಗಾಲ, ಒಂದು ಡ್ರಮ್ ಕಾಕಂಬಿ

ಓಡುವ ಗಾಡಿಯ ಬ್ರೇಕಿಗಿಂತ ಬಿಚ್ಚಿಟ್ಟ ಬ್ರೇಕಿಗೇ ಜಂಗು ಜಾಸ್ತಿ ಹತ್ತುತ್ತದೆ. ಚಾಸಿಸ್ ವೆಲ್ಡಿಂಗ್ ಮುಗಿದು, ಬಾಡಿಗೆ ಬಣ್ಣ ಆಗುವಷ್ಟರಲ್ಲಿ ಬೀದರಿನಲ್ಲಿ ಒಂದು ಮಳೆಗಾಲ ಬಂದು ಹೋಗಿರುತ್ತದೆ. ನಾನು ಬಿಚ್ಚಿ ಮತ್ತೆ ಜೋಡಿಸಿದ್ದು ನನ್ನ ಹಳೆ ಮಹೀಂದ್ರಾ ಜೀಪು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಮೈಗೆ ‘ಶೂ’ಗಳು ಒತ್ತಿ ಗಾಡಿ ನಿಲ್ಲಿಸುವ ಬಗೆ. ಎಲ್ಲಕ್ಕೂ ಸೇರಿ ಬ್ರೇಕ್ ಆಯಿಲ್‌ನ ಒಂದೇ ಲೈನು. ಒಂದು ಪೈಪು ತೂತಾದರೆ ನಾಲ್ಕೂ ಹೋದಂತೆ. ಅದಕ್ಕೇ ಹಳೆ ಪೈಪುಗಳನ್ನು ಉಳಿಸುವ ಗೋಜಿಗೇ ಹೋಗದೆ ಹೊಸದು ಹಾಕಿದೆ.

ಉಳಿದ ಭಾಗಗಳ ತುಕ್ಕು ತೆಗೆಯಲು ಕಾಕಂಬಿ (ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಬಳಸಿದೆ. ಕಬ್ಬಿನ ಸೀಮೆಯಲ್ಲಿದ್ದುಕೊಂಡು ಆಸಿಡ್ ಯಾಕೆ ಬೇಕು, ಅಲ್ವಾ? ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು. ಪ್ಲಾಸ್ಟಿಕ್ ಡ್ರಮ್ಮನ್ನು ಮನೆಯಿಂದ ದೂರ ಇಡಿ, ವಾಸನೆ ಸಹಿಸಲಾಗದು. ಕೆಲಸ ನಿಧಾನ, ಒಂದೆರಡು ವಾರವಾದರೂ ಬೇಕು. ಆದರೆ ತುಕ್ಕು ಬಿಡುತ್ತದೆ, ಒಳಗಿನ ಕಬ್ಬಿಣಕ್ಕೆ ಅಷ್ಟಾಗಿ ಏನೂ ಆಗುವುದಿಲ್ಲ. ಅಲ್ಯೂಮಿನಿಯಂ ಮಾತ್ರ ಅದರೊಳಗೆ ಹಾಕಬೇಡಿ, ತಿಂದುಬಿಡುತ್ತದೆ.

ಹೊರಗೆ ತೆಗೆದು ತೊಳೆದ ಕೂಡಲೇ ಒಣಗಿಸಬೇಕು. ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಕಂದು ಪೊರೆ ಕೂತಿರುತ್ತದೆ. ಶೂಗಳು ಕೂರುವ ಬ್ಯಾಕ್ ಪ್ಲೇಟುಗಳಿಗೆ, ಎರಡು ಡಬ್ಬಿಯದನ್ನು ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್ ಹೊಡೆದೆ. ಸಾದಾ ಎನಾಮಲ್ ಮೇಲೆ ಬ್ರೇಕ್ ಆಯಿಲ್ ಬಿದ್ದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಶೂ ಜಾರುವ ಉಬ್ಬುಗಳಿಗೆ ಬಣ್ಣ ಬೇಡ, ಶಾಖ ತಡೆಯುವ ಗ್ರೀಸ್ ತೆಳ್ಳಗೆ ಸವರಿದರೆ ಸಾಕು.

ಶೂಗಳನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್‌ಗಳನ್ನು ಆಸಿಡ್‌ನಲ್ಲಿ ನೆನೆಸಿ ಫಳಫಳ ಮಾಡುವವರಿದ್ದಾರೆ. ನಾನು ಆ ದಾರಿ ಹಿಡಿಯಲಿಲ್ಲ. ಆಗ ಹುಟ್ಟುವ ಹೈಡ್ರೋಜನ್ ಗಡಸು ಉಕ್ಕಿನೊಳಗೆ ಸೇರುತ್ತದೆ, ಆಮೇಲೆ ಸ್ಪ್ರಿಂಗ್ ಒಂದಿನ ಪಟ್ಟನೆ ಮುರಿಯಬಹುದು. ಹೊಸದೇ ತಂದೆ.

ಇನ್ನು ಡ್ರಮ್ಮಿನ ಒಳಮೈ ಮತ್ತು, ಆಯಿಲ್ ಒತ್ತಡದಿಂದ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ಒಳಮೈ. ಎರಡಕ್ಕೂ ಬಣ್ಣ ಬಳಿಯುವಂತಿಲ್ಲ. ‘ಎಣ್ಣೆ ಹಚ್ಚಿಡ್ರಿ ಸಾಕು’ ಎಂದು ಗ್ಯಾರೇಜಿನಲ್ಲಿ ಎಲ್ಲರೂ ಹೇಳುತ್ತಾರೆ. ಯಾವ ಎಣ್ಣೆ ಎಲ್ಲಿಗೆ ಅನ್ನುವುದೇ ಇಲ್ಲಿ ಮುಖ್ಯ. ಲೇತ್‌ನಲ್ಲಿ ಸವರಿಸಿ ತಂದ ಬೀಡು ಕಬ್ಬಿಣದ ಡ್ರಮ್ಮಿಗೆ ಇಂಜಿನ್ ಆಯಿಲ್ ತೆಳ್ಳಗೆ ಹಚ್ಚಿ ಪ್ಲಾಸ್ಟಿಕ್ ಸುತ್ತಿದೆ. ಜೋಡಿಸುವ ದಿನ ಬ್ರೇಕ್ ಕ್ಲೀನರ್‌ನಿಂದ, ಬಿಳಿ ಬಟ್ಟೆಗೆ ಕರೆ ಹತ್ತದ ತನಕ ಒರೆಸಿದೆ. ಲೈನರ್ (ಡ್ರಮ್ಮಿಗೆ ಉಜ್ಜುವ ಪಟ್ಟಿ) ಇರುವ ಶೂಗಳನ್ನು ಬೇರೆ ಕೋಣೆಯಲ್ಲೇ ಇಟ್ಟಿದ್ದೆ. ಲೈನರ್ ಒಮ್ಮೆ ಎಣ್ಣೆ ಹೀರಿದರೆ ಎಸೆಯುವುದೇ ಸರಿ.

ಅದೇ ಇಂಜಿನ್ ಆಯಿಲ್ ಸಿಲಿಂಡರಿನೊಳಗೆ ಹೋದರೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್‌ಗಳು (ಬಟ್ಟಲಿನಾಕಾರದ ಸೀಲ್‌ಗಳು) ಉಬ್ಬಿ ಬ್ರೇಕ್ ಹಿಡಿದುಕೊಳ್ಳುತ್ತದೆ. ಬ್ರೇಕ್ ಆಯಿಲ್ ಸವರಿ ಇಡೋಣವೆಂದರೆ ಅದು ಗಾಳಿಯ ತೇವ ಎಳೆಯುತ್ತದೆ. ಅಲ್ಲಿಗೆ ನಾನು ಹಚ್ಚಿದ್ದು ಕೆಂಪು ರಬ್ಬರ್ ಗ್ರೀಸ್. ಅದರ ಮೂಲ ಔಡಲ ಎಣ್ಣೆ, ರಬ್ಬರಿಗೆ ತೊಂದರೆ ಇಲ್ಲ. ಹಾಗಂತ ಅಡುಗೆಮನೆಯ ಔಡಲ ಎಣ್ಣೆ ಸುರಿಯಬೇಡಿ ಮತ್ತೆ!

ಲೈನಿಗೆ ತುಂಬಿದ್ದು ಡಾಟ್ 3 ದರ್ಜೆಯ ಬ್ರೇಕ್ ಆಯಿಲ್. ಹೊಸದಿದ್ದಾಗ ಅದರ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಮೇಲೆ ಲೆಕ್ಕ 140ಕ್ಕೆ ಇಳಿಯುತ್ತದೆ. ಸಿಲಿಂಡರಿಗೆ ಒಳಗಿನಿಂದ ಜಂಗು ಹತ್ತಿಸುವುದೂ ಅದೇ ತೇವ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುತ್ತೇನೆ.

ಈಗ ಮಳೆಗಾಲದಲ್ಲಿ ಜೀಪು ಸುಮ್ನೆ ನಿಂತಿದ್ದರೆ ಆಗಾಗ ನೌಬಾದ್ ಕಡೆಗೆ ಒಂದು ಸುತ್ತು ಹೋಗಿ, ಖಾಲಿ ರಸ್ತೆಯಲ್ಲಿ ನಾಲ್ಕಾರು ಸಲ ಬ್ರೇಕ್ ಒತ್ತಿ ಬರುತ್ತೇನೆ. ಡ್ರಮ್ಮಿನ ಒಳಗೆ ಕೂತ ತೆಳು ಜಂಗು ಅಷ್ಟರಲ್ಲೇ ಉಜ್ಜಿಹೋಗುತ್ತದೆ.