ನೆಫ್ರಾನ್ ಚಿತ್ರ ಬಿಡಿಸ್ಕೋತ ಕಿಡ್ನಿ ತಿಳ್ಕೊಳ್ಳೋದು ಹೆಂಗ?

ಗದಗಿನ್ಯಾಗ ಪಿಯುಸಿ ಓದೋ ನನ್ನ ತಂಗಿ ಮಗಳು ನೆಫ್ರಾನ್ (ಕಿಡ್ನಿಯೊಳಗ ರಕ್ತ ಸೋಸೋ ಸಣ್ಣ ಕೊಳವಿ) ಚಿತ್ರ ಪೂರ್ತಿ ಬಾಯಿಪಾಠ ಮಾಡ್ಯಾಳ, ಆದ್ರ ಕಿಡ್ನಿ ಏನ್ ಮಾಡ್ತೈತಿ ಅಂತ ಕೇಳಿದ್ರ "ಹೊಲಸು ಸೋಸ್ತೈತಿ ಮಾಮಾ" ಅಂತಾಳ. ಅದು ಅರ್ಧ ಉತ್ತರ. ದೀಪಾವಳಿಗೆ ಮನಿ ಸ್ವಚ್ಛ ಮಾಡೂಮುಂದ ಟ್ರಂಕು ಡಬ್ಬಿ ಎಲ್ಲಾ ಪಡಸಾಲಿಗೆ ತಂದಿಟ್ಟು, ಬೇಕಾದ್ದಷ್ಟ ಒಳಗ ಇಟ್ಕೊಂಡು ಉಳಿದದ್ದು ಒಗೀತೀವಲ್ಲ, ಕಿಡ್ನಿ ಕೆಲಸಾನೂ ಹಂಗ ಐತಿ. ಒಂದ್ ಹಾಳಿ, ಪೆನ್ಸಿಲ್ ತಗೋರಿ.

ಮೊದ್ಲ ಎಡಕ್ಕ ಮ್ಯಾಲೆ ದಾರದ ಉಂಡಿ ಹಂಗ ರಕ್ತನಾಳದ ಗಂಟು ಬಿಡಸ್ರಿ, ಅದು ಗ್ಲೊಮೆರುಲಸ್. ಅದನ್ನ ಹಿಡ್ಕೊಂಡಂಗ ಒಂದ್ ಬಟ್ಟಲ, ಅದು ಬೌಮನ್ ಕ್ಯಾಪ್ಸೂಲ್. ಒಳಗ ಬರೋ ನಾಳ ದಪ್ಪ ಇರಲಿ, ಹೊರಗ ಹೋಗೋದು ಸಣ್ಣ, ಇದನ್ನ ಮಾತ್ರ ತಪ್ಪಬ್ಯಾಡ್ರಿ, ಯಾಕಂದ್ರ ಆ ಪ್ರೆಶರ್‌ಗೇ ನೀರು, ಉಪ್ಪು, ಸಕ್ಕರಿ, ಯೂರಿಯಾ (ಮೈಯಾಗ ಹುಟ್ಟೋ ಹೊಲಸು) ಎಲ್ಲಾ ಬಟ್ಟಲಕ್ಕ ಸೋರ್ತಾವು. ರಕ್ತಕಣ, ದೊಡ್ಡ ಪ್ರೋಟೀನು ಒಳಗ ಉಳೀತಾವು. ಒಂದೊಂದು ಕಿಡ್ನ್ಯಾಗ ಇಂಥಾ ನೆಫ್ರಾನು ಸುಮಾರು 10 ಲಕ್ಷ, ಎರಡೂ ಕೂಡಿ ನಿಮಿಷಕ್ಕ 125 ಎಂಎಲ್, ದಿನಕ್ಕ 180 ಲೀಟರ್ ಸೋಸ್ತಾವು. ಅಂದ್ರ 20 ಲೀಟರಿನ ನೀರಿನ ಕ್ಯಾನು 9!

ಈಗ ಬಟ್ಟಲದಿಂದ ಸುತ್ತಿ ಸುತ್ತಿ ಹೋಗೋ ಕೊಳವಿ ಎಳೀರಿ. ಇಲ್ಲೇ ಮೂರರಾಗ ಎರಡ್ ಪಾಲು ನೀರು, ಉಪ್ಪು ವಾಪಸ್ ರಕ್ತಕ್ಕ ಹೋಗ್ತೈತಿ, ಸಕ್ಕರಿ ಅಂತೂ ಹೆಚ್ಚುಕಡಿಮಿ ಪೂರ್ತಿ. ರಕ್ತದಾಗ ಸಕ್ಕರಿ ಡೆಸಿಲೀಟರ್‌ಗೆ ಸುಮಾರು 180 ಮಿಲಿಗ್ರಾಂ ದಾಟಿತಂದ್ರ ಹೊತ್ತೊಯ್ಯೋ ಪ್ರೋಟೀನುಗಳಿಗೆ ನೀಗಂಗಿಲ್ಲ, ಹೆಚ್ಚಾದದ್ದು ಮೂತ್ರದಾಗ ಹೋಗ್ತೈತಿ.

ಮುಂದ ಹೇರ್‌ಪಿನ್ ಹಂಗ ಕೆಳಗಿಳಿದು ಮ್ಯಾಲೇರೋ ಹೆನ್ಲೆ ಕುಣಿಕಿ. ನನಗ ಬಾಳ ಸೇರೋ ಜಾಗ ಇದು. ಇಳಿಯೋ ಕಡೆ ನೀರು ಹೊರಗ ಹೋಗ್ತೈತಿ, ಏರೋ ಕಡೆ ಉಪ್ಪು ಹೊರಗ ಬರ್ತೈತಿ, ನೀರು ಮಾತ್ರ ದಾಟಂಗಿಲ್ಲ. ಹಿಂಗಾಗಿ ಉಪ್ಪು, ಯೂರಿಯಾ ಕೂಡಿ ಕಿಡ್ನಿ ಒಳಭಾಗದ ದ್ರವ ರಕ್ತಕ್ಕಿಂತ 4 ಪಟ್ಟು ಗಟ್ಟಿ (ಸಾಂದ್ರ) ಆಗಬಹುದು. ಅದ್ಯಾಕ ಬೇಕು? ಉಪ್ಪಿನಕಾಯಿಗೆ ಹೆಚ್ಚಿದ ಮಾವಿನಕಾಯಿಗೆ ಉಪ್ಪು ಹಾಕಿಟ್ರ ಮರುದಿನ ನೀರು ಬಿಟ್ಟಿರತೈತಲ್ಲ, ಹಂಗ ಮುಂದ ನೀರು ಎಳ್ಕೊಳ್ಳಾಕ.

ಆಮ್ಯಾಲೆ ಇನ್ನೊಂದು ಸುತ್ತುಕೊಳವಿ, ಪೊಟ್ಯಾಸಿಯಂ, ಆಮ್ಲದ ಲೆಕ್ಕ ಸರಿ ಮಾಡೋದು.

ಕಡೀಕ ಸಂಗ್ರಹ ನಾಳಾನ ಆ ಗಟ್ಟಿ ಜಾಗದಾಗಿಂದನ ಕೆಳಗ ಇಳಸ್ರಿ. ಏಪ್ರಿಲ್ ಬಿಸಲಾಗ ನೀರು ಕುಡೀದ ಅಡ್ಡಾಡಿದ್ರ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಡಿಎಚ್ ಹಾರ್ಮೋನ್ ಬಿಡ್ತೈತಿ, ಈ ನಾಳದಾಗ ನೀರಿನ ಬಾಗಲಾ ತೆಗಿತಾವು, ಸುತ್ತಲಿನ ಉಪ್ಪು ಆ ನೀರನ್ನ ಎಳ್ಕೊಂಡು ರಕ್ತಕ್ಕ ಮುಟ್ಟಸ್ತೈತಿ, ಮೂತ್ರ ಕಡಿಮಿ, ಹಳದಿ. ನಳಾ ಬಂದ ದಿನ ಬಿಂದಿಗಿ ಬಕೆಟ್ ತುಂಬಿಟ್ಟು ಹನಿ ಹನಿ ಉಳಸೋ ಗದಗ-ಬೆಟಗೇರಿ ಮಂದಿಗೆ ಇದನ್ನ ಹೆಚ್ಚು ಬಿಡಿಸಿ ಹೇಳೋದು ಬ್ಯಾಡ.

ಇನ್ನ ಬಾಣ ಹಾಕ್ರಿ, ರಕ್ತಕ್ಕ ವಾಪಸ್ ಹೋಗೋವಕ್ಕ ಕೆಂಪು ಪೆನ್ನು. ನಾಳದ ಕೆಳಗ ಮೂತ್ರಕೋಶದ ಕಡೆ ಒಂದ ಬಾಣ, ಅದರ ಬಾಜೂಕ ಬರೀರಿ: ದಿನಕ್ಕ ಸುಮಾರು ಒಂದೂವರೆ ಲೀಟರ್.