ಕೋಲಾರದ ಗರಸಿನಲ್ಲಿ ತಂಗಡಿ, ತುಂಬೆ, ವಿಷ್ಣುಕ್ರಾಂತಿ

ನಮ್ಮ ಕಡೆ ಬೀಳುಭೂಮಿಯಲ್ಲಿ ತಾನಾಗಿ ಎದ್ದು ಹೂ ಬಿಡುವ ತಂಗಡಿ (ಕೆಲವರಿಗೆ ಆವರಿಕೆ) ಮನೆಯಂಗಳದಲ್ಲಿ ಕೈಕೊಡುವುದು ಎರಡೇ ಕಾರಣಕ್ಕೆ: ಬೀಜದ ಸಿಪ್ಪೆ, ಆಮೇಲೆ ನಮ್ಮ ಉಪಚಾರ.

ಕಾಯಿ ಕಂದುಬಣ್ಣಕ್ಕೆ ತಿರುಗಿ, ಅಲ್ಲಾಡಿಸಿದರೆ ಗಲಗಲ ಅಂದಾಗ ಬಿಡಿಸುತ್ತೇನೆ. ಸಣ್ಣ ತೂತಿರುವ ಬೀಜ ಎಸೆಯಿರಿ, ಹುಳ ತಿಂದಿರುತ್ತದೆ. ಸಿಪ್ಪೆ ನೀರನ್ನೇ ಒಳಗೆ ಬಿಡದಷ್ಟು ಗಟ್ಟಿ, ಹಾಗಾಗಿ ಒಂದೊಂದನ್ನೂ ಉಪ್ಪುಕಾಗದದ ಮೇಲೆ ಉಜ್ಜುತ್ತೇನೆ. ಮೊಳಕೆ ಒಡೆಯುವ ಚೂಪು ತುದಿ ಬಿಟ್ಟು ಬದಿಯಲ್ಲಿ ಉಜ್ಜಬೇಕು. ಹೊಳಪು ಹೋಗಿ ಒಳಗಿನ ತಿಳಿಬಣ್ಣ ಚುಕ್ಕೆಯಷ್ಟು ಕಂಡರೆ ಸಾಕು. ರಾತ್ರಿ ನೆನೆಹಾಕಿದರೆ ಬೆಳಿಗ್ಗೆಗೆ ಉಬ್ಬಿರುತ್ತದೆ. ಉಬ್ಬದ್ದನ್ನು ಮತ್ತೆ ಉಜ್ಜಿ. ಬೀಜ ಬಹಳ ಇದ್ದರೆ ಕುದಿಸಿ ಇಳಿಸಿದ ನೀರು ಸುರಿದು ಹಾಗೇ ತಣಿಯಲು ಬಿಡಬಹುದು. ಒಲೆ ಮೇಲಿಟ್ಟು ಬೀಜವನ್ನೇ ಕುದಿಸಿದರೆ ಅದು ಪಲ್ಯ.

ಮೇ ತಿಂಗಳಲ್ಲಿ 9 ಇಂಚು ಎತ್ತರದ ಚೀಲಕ್ಕೆ ಕೆಮ್ಮಣ್ಣು 2 ಪಾಲು, ಮರಳು 1, ಹಳೇ ಗೊಬ್ಬರ ಅರ್ಧ ಪಾಲು ತುಂಬಿ, 1 ಸೆಂ.ಮೀ. ಆಳಕ್ಕೆ ಎರಡೆರಡು ಬೀಜ. ತಾಯಿಬೇರು ಬೇಗ ಇಳಿಯುತ್ತದೆ. ಆರು ವಾರ ದಾಟಿದರೆ ಚೀಲದ ತಳದಲ್ಲಿ ಸುತ್ತಿಕೊಂಡು, ನೆಟ್ಟ ಮೇಲೂ ಗಿಡ ಮುದುಡಿಕೊಂಡೇ ಇರುತ್ತದೆ. ಮಳೆ ಹಿಡಿದ ಮೇಲೆ 4–5 ಅಡಿ ಅಂತರದಲ್ಲಿ ಗರಸಿನಲ್ಲೇ, ಅಂದರೆ ಸಣ್ಣ ಕಲ್ಲು ಬೆರೆತ ಒರಟು ಮಣ್ಣಿನಲ್ಲೇ ನೆಡಿ. ನೀರು ನಿಲ್ಲುವ ಜಾಗವಾದರೆ ಅಡಿ ಎತ್ತರ ದಿಬ್ಬ ಮಾಡಿ. ಗುಂಡಿಗೆ ಗೊಬ್ಬರ ಬೇಡ, ಸೊಪ್ಪು ಬೆಳೆದು ಹೂ ಹಿಂದೆ ಬೀಳುತ್ತದೆ. ಮಳೆ ಕೈಕೊಟ್ಟರೆ ಮೊದಲ ಮೂರು ತಿಂಗಳು ವಾರಕ್ಕೊಂದು ಬಿಂದಿಗೆ, ಆಮೇಲೆ ನಿಲ್ಲಿಸಿಬಿಡಿ. ದಿನಾ ಹನಿ ನೀರಾವರಿ ಕೊಟ್ಟರೆ ಕಾಂಡದ ಬುಡ ಕೊಳೆಯುತ್ತದೆ. ಎಲೆ ಮೇಲೆ ಹಸಿರು ಹುಳ ಕಂಡರೆ ಔಷಧಿ ಹೊಡೆಯಬೇಡಿ, ಅದು ಚಿಟ್ಟೆಯ ಮರಿ. ಗಿಡ ಮತ್ತೆ ಚಿಗುರುತ್ತದೆ.

ತುಂಬೆ ಸುಲಭ. ಒಣಗಿದ ತೆನೆ ಉದುರಿಸಿ, ಚಿಟಿಕೆ ಬೀಜಕ್ಕೆ ಹಿಡಿ ಮರಳು ಬೆರೆಸಿ, ಮಳೆ ಬಿದ್ದ ಮರುದಿನ ಚೆಲ್ಲಿ ಅಂಗೈಯಲ್ಲಿ ಒತ್ತುತ್ತೇನೆ. ಮಣ್ಣು ಮುಚ್ಚುವುದಿಲ್ಲ.

ವಿಷ್ಣುಕ್ರಾಂತಿಗೆ ಪೂರ್ತಿ ಬಿಸಿಲಿನ ಕಲ್ಲಂಚು ಬೇಕು. ನರ್ಸರಿಯಲ್ಲಿ ಅದೇ ಹೆಸರಲ್ಲಿ ಸಿಗುವ ದೊಡ್ಡ ನೀಲಿ ಹೂವಿನದು ಸಾಮಾನ್ಯವಾಗಿ ದಕ್ಷಿಣ ಅಮೆರಿಕದ ಅದರ ದಾಯಾದಿ. ನಮ್ಮದರ ಹೂ ಉಗುರಿಗಿಂತ ಚಿಕ್ಕದು, ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ಆಗ ಬರೀ ಹುಲ್ಲಿನಂತೆ ಕಾಣುವುದರಿಂದ, ಕಳೆ ಕೀಳಲು ಬರುವವರಿಗೆ ಬೆಳಿಗ್ಗೆಯೇ ತೋರಿಸಿ ಪಕ್ಕಕ್ಕೊಂದು ಕಡ್ಡಿ ನೆಟ್ಟಿಡಿ.