‘ಯಾರು ಮಾಡಿದ್ದು?’ ಎಂದು ಕೇಳುವುದನ್ನು ಬಿಟ್ಟ ಮೇಲೆ

ಮಂಗಳೂರಿನ ಬಂದರಿನ ಹತ್ತಿರ ನನ್ನದೊಂದು ಸಣ್ಣ ಪ್ರೆಸ್. ಒಟ್ಟು ಆರು ಜನ. ಒಮ್ಮೆ ದೈವದ ನೇಮದ (ಭೂತಕೋಲದ) ಆಮಂತ್ರಣ ಪತ್ರಿಕೆಯಲ್ಲಿ ತಾರೀಕು ಸರಿ, ವಾರ ತಪ್ಪಾಗಿ ಅಚ್ಚಾಯಿತು. 2,000 ಕಾಪಿ ಗುಜರಿಗೆ. ಆಮೇಲೆ ಗೊತ್ತಾಯಿತು, ನಮ್ಮ ಮೆಷಿನ್‌ಮ್ಯಾನ್ ಅದನ್ನು ಶುರುವಿನಲ್ಲೇ ನೋಡಿದ್ದರಂತೆ. “ಹೇಳಿದ್ರೆ ನೀವು ಬೊಬ್ಬೆ ಹೊಡೀತಿದ್ರಿ ಧಣಿ” ಎಂದರು. ಕಾಗದದ ನಷ್ಟಕ್ಕಿಂತ ಆ ಮಾತೇ ಜಾಸ್ತಿ ಚುಚ್ಚಿತು.

ಆ ದಿನಗಳಲ್ಲೇ ಅಮೆರಿಕದ ಸಂಶೋಧಕ ಪಾಲ್ ಝಾಕ್ ಬರೆದದ್ದು ಓದಿದೆ. ಯಾರಾದರೂ ನಮ್ಮನ್ನು ನಂಬಿದರೆ ಮೆದುಳಿನಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಹೆಚ್ಚುತ್ತದೆ, ಆಗ ನಾವೂ ಆ ನಂಬಿಕೆ ಉಳಿಸಿಕೊಳ್ಳಲು ನೋಡುತ್ತೇವೆ, ವಿಪರೀತ ಒತ್ತಡ ಇದ್ದರೆ ಅದಕ್ಕೆ ಅಡ್ಡಿ ಎನ್ನುವುದು ಅವರ ವಾದ. ನಂಬಿಕೆ ಜಾಸ್ತಿ ಇರುವ ಕಂಪನಿಗಳಲ್ಲಿ ಒತ್ತಡ ಶೇ. 74ರಷ್ಟು ಕಡಿಮೆ ಎಂದು 2017ರಲ್ಲಿ ಬರೆದಿದ್ದಾರೆ. ಅದು ನೌಕರರೇ ಹೇಳಿಕೊಂಡ ಲೆಕ್ಕ, ನೆನಪಿರಲಿ. ಆಕ್ಸಿಟೋಸಿನ್ ಮೂಗಿಗೆ ಸಿಂಪಡಿಸಿದರೆ ನಂಬಿಕೆ ಹೆಚ್ಚುತ್ತದೆ ಎಂದಿದ್ದ 2005ರ ಪ್ರಯೋಗವನ್ನು 2020ರಲ್ಲಿ ಜಾಸ್ತಿ ಜನರ ಮೇಲೆ ಮತ್ತೆ ಮಾಡಿದಾಗ ಆ ಫಲ ಸಿಗಲಿಲ್ಲ. ಹಾಗಾಗಿ ರಾಸಾಯನಿಕದ ಮಾತು ಬಿಟ್ಟೆ, ಕೆಲಸಕ್ಕೆ ಬರುವುದನ್ನು ಮಾತ್ರ ಇಟ್ಟುಕೊಂಡೆ.

ಕೆಲಸ ಹೇಗೆ ಮಾಡುವುದೆಂದು ಮಾಡುವವರಿಗೇ ಬಿಡಿ ಎನ್ನುತ್ತಾರೆ ಝಾಕ್. ಯಾವ ಜಾಬ್ ಮೊದಲು ಮೆಷಿನ್‌ಗೆ ಏರಬೇಕು ಎಂದು ನೀವೇ ನೋಡಿಕೊಳ್ಳಿ ಅಂದೆ. ಮೊದಲ ವಾರ ನನಗೆ ನಿದ್ರೆಯಿಲ್ಲ. ಪ್ಲೇಟ್ ನೋಡುವ ನೆಪದಲ್ಲಿ ಸುಮ್ನೆ ಅಲ್ಲೇ ಸುಳಿಯುತ್ತಿದ್ದೆ.

ಎಲ್ಲರೆದುರು ಹೊಗಳಿ ಎಂಬ ಸಲಹೆ ಮಾತ್ರ ನಮ್ಮಲ್ಲಿ ನಡೆಯಲಿಲ್ಲ. ಬೈಂಡಿಂಗ್ ಹುಡುಗನನ್ನು ಹೊಗಳಿದೆ. “ಸನ್ಮಾನ ಯಾವಾಗ ಮಾರಾಯ? ಶಾಲು ಯಾರದ್ದು?” ಎಂದು ಉಳಿದವರು ಸಂಜೆವರೆಗೂ ಕಾಡಿದರು. ಈಗ ಗಿರಾಕಿ ಬಂದಾಗ “ಇವರೇ ಮಾಡಿದ್ದು” ಎಂದು ತೋರಿಸುತ್ತೇನೆ, ಅಷ್ಟೇ.

ಕಷ್ಟವಾದದ್ದು ನಾಲಿಗೆ. ಏನು ಹಾಳಾದರೂ ಮೊದಲು ಬರುತ್ತಿದ್ದದ್ದು “ಯಾರು ಮಾಡಿದ್ದು?” ಅದರ ಬದಲು “ಎಂತ ಆಯ್ತು?” ಎಂದು ಕೇಳಲು ಕಲಿಯುವುದಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ನಡುವೆ ಎರಡು ಸಲ ಬೊಬ್ಬೆಯೂ ಹೊಡೆದೆ. ಮಾರನೇ ದಿನ ಹೋಗಿ ತಪ್ಪಾಯ್ತು ಅಂದೆ.

ಕಳೆದ ಮಳೆಗಾಲದಲ್ಲಿ ಮೆಷಿನ್‌ಮ್ಯಾನ್ ಅವರೇ ಫೋನ್ ಮಾಡಿದರು. “ಧಣಿ, ಇನ್ನೂರು ಶೀಟ್ ಹೋಯ್ತು. ಮೆಷಿನ್ ನಿಲ್ಲಿಸಿದ್ದೇನೆ.” ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎಂತ ಆಯ್ತು ಅಂದೆ.

“ಕಾಗದ ಥಂಡಿ ಹಿಡಿದಿದೆ. ಕಲರ್ ಮೇಲೆ ಕಲರ್ ಕೂರ್ತಾ ಇಲ್ಲ. ಬೇರೆ ಬಂಡಲು ಒಡೀಲಾ?”